ಹೆಣ್ಣಾಳಿನ ಕೂಲಿ: ಬಳಸುವ ವಿಧಾನ

ಸರ್ಕಾರಿ ಕಾಮಗಾರಿಯ ಟೆಂಡರ್ ಹಿಡಿದ ಗುತ್ತಿಗೆದಾರರಿಗೆ ಅಭಿನಂದನೆ. ಪೆಟ್ಟಿಗೆ ಬಿಚ್ಚಿ ಇವಿಷ್ಟೂ ಇವೆಯೇ ನೋಡಿಕೊಳ್ಳಿ: ಹಾಜರಿ ಪುಸ್ತಕ, ಕೂಲಿ ರಿಜಿಸ್ಟರ್, ಇಂಕ್ ಪ್ಯಾಡ್, 1976ರ ಸಮಾನ ವೇತನ ಕಾಯ್ದೆಯ ಒಂದು ಪ್ರತಿ. ಕೊನೆಯದರ ಪ್ಲಾಸ್ಟಿಕ್ ಹೊದಿಕೆ ತೆಗೆಯದಿದ್ದರೂ ಯಂತ್ರ ಓಡುತ್ತದೆ. ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆಯಲ್ಲ ಎಂದು ಗಾಬರಿ ಬೇಡ, ಹಳೇ ಬಿಡಿಭಾಗಗಳೇ ಅದಕ್ಕೂ ಕೂರುತ್ತವೆ.

ಮೊದಲು ಕೆಲಸಕ್ಕೆ ಹೆಸರಿಡಿ. ಒಂದೇ ಕೆಲಸಕ್ಕೆ, ಅದೇ ಬಗೆಯ ಕೆಲಸಕ್ಕೆ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎನ್ನುತ್ತದೆ ಕಾನೂನು. ಸರಿ, ಕೆಲಸ ಬದಲಿಸುವ ಕಷ್ಟ ಯಾಕೆ, ಹೆಸರು ಬದಲಿಸಿ. ಅವನು ಬಾಂಡ್ಲಿಗೆ ಕಾಂಕ್ರೀಟ್ ತುಂಬುತ್ತಾನೆ. ಅವಳು ಸಿಂಬೆಯ ಮೇಲೆ ಅದನ್ನಿಟ್ಟುಕೊಂಡು ಸಾರ್ವೆ ಹಲಗೆ ಹತ್ತುತ್ತಾಳೆ. ಅವನದು ‘ಗಾರೆ ಕೆಲಸ’, ಅವಳದು ‘ಸಹಾಯ’. ಬಾಂಡ್ಲಿ ಎರಡನೇ ಮಹಡಿಗೆ ಏರುವುದು ಸಹಾಯದಿಂದಲ್ಲ, ಕಾಲಿನಿಂದ. ಅದು ತಾಂತ್ರಿಕ ವಿಷಯ, ಬಿಡಿ. ಹೆಸರು ನೋಡಬೇಡಿ, ನಿಜಕ್ಕೂ ಮಾಡುವ ಕೆಲಸ ನೋಡಿ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಮಹಿಳಾ ಸ್ಟೆನೊ ಪರವಾಗಿ ಹೇಳಿಬಿಟ್ಟಿದೆ. ಅದು ಎ.ಸಿ. ಆಫೀಸಿನ ಮಾತು ಎಂದುಕೊಳ್ಳಿ.

ಎಚ್ಚರಿಕೆ: ಸಮ ಮಾಡಲು ಗಂಡಾಳಿನ ಕೂಲಿ ಇಳಿಸಬೇಡಿ. ಆ ಬಾಗಿಲಿಗೆ ಹಳೇ ಕಾಯ್ದೆಯ 4ನೇ ಸೆಕ್ಷನ್ನೇ ಬೀಗ ಹಾಕಿತ್ತು.

ಹೆಸರು ಬದಲಿಸಲು ಧೈರ್ಯ ಸಾಲದವರಿಗೆ ದೆಹಲಿ ವಿಧಾನವಿದೆ. 1982ರ ಏಷ್ಯಾಡ್‌ಗೆ ಕ್ರೀಡಾಂಗಣ, ಫ್ಲೈಓವರ್‌ಗಳು ಏಳುತ್ತಿದ್ದ ಕಾಲ. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಆಳು ಕರೆತಂದ ಜಮಾದಾರನ ಕೈಗೆ ಕೊಡುತ್ತಿದ್ದ, ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದ. ಹೆಂಗಸರ ಕೈಗೆ ಬರುತ್ತಿದ್ದದ್ದು 7 ರೂಪಾಯಿ ಎಂದು ಪಿಯುಡಿಆರ್ ಎಂಬ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ದೂರಿತು. ಆಳುಗಳು ಗುತ್ತಿಗೆದಾರನವರು, ನಮಗೇನು ಸಂಬಂಧ ಎಂದರು ಸರ್ಕಾರದ ಕಡೆಯವರು. ನ್ಯಾಯಮೂರ್ತಿ ಭಗವತಿ ಕೇಳಲಿಲ್ಲ. ಕೆಲಸ ಮಾಡಿಸಿಕೊಳ್ಳುವ ಸರ್ಕಾರವೇ ಕಾಯ್ದೆ ಪಾಲನೆಯಾಗುವಂತೆ ನೋಡಿಕೊಳ್ಳಬೇಕು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಿಟ್ಟಿ ಚಾಕರಿಯೇ ಎಂದರು. ತೀರ್ಪು ಬಂತು; ವಿಧಾನ ಮಾತ್ರ ಕೆಡಲಿಲ್ಲ.

ಉದ್ಯೋಗ ಖಾತ್ರಿಯ ನರೇಗಾ ಕಾಮಗಾರಿಗೆ ಈ ಕೈಪಿಡಿ ನಡೆಯುತ್ತಿರಲಿಲ್ಲ. ಗುತ್ತಿಗೆದಾರರನ್ನೇ ಒಳಗೆ ಬಿಡಬಾರದು ಎಂದು 2005ರ ಕಾಯ್ದೆಯಲ್ಲಿ ಬರೆದಿದ್ದರು. ಯಾರಿಗೋ ನಿಮ್ಮ ಪರಿಚಯವಿತ್ತು.

ಬಿಲ್ ಬಗ್ಗೆ ಚಿಂತೆ ಬೇಡ. ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕ ಘನ ಮೀಟರ್ ಕೇಳುತ್ತದೆಯೇ ಹೊರತು ಹೊತ್ತವರು ಸೀರೆ ಉಟ್ಟಿದ್ದರೇ ಎಂದು ಕೇಳುವುದಿಲ್ಲ. ಇಲಾಖೆ ಕೊಡುವುದು ಒಂದೇ ದರ. ಉಳಿದದ್ದು ನಿಮ್ಮದು.

ಇನ್ನು ಶನಿವಾರದ ಬಟವಾಡೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಕಲಿಸಿದ ಪದ್ಧತಿಯಂತೆ ಇಲಾಖೆಯ ಪ್ರತಿನಿಧಿ ಎದುರಿಗಿದ್ದು, ತನ್ನ ಸಮಕ್ಷಮ ಕೂಲಿ ಪಾವತಿಯಾಗಿದೆ ಎಂದು ಸಹಿ ಹಾಕಬೇಕು. ಅವರಿಗೆ ನೆರಳು, ಕುರ್ಚಿ, ಚಹಾ ಕೊಡಿ. ಕುರ್ಚಿ ರಿಜಿಸ್ಟರ್ ಕಡೆ ತಿರುಗಿರಲಿ, ಸಾಲಿನ ಕಡೆ ಬೇಡ. ಬ್ಯಾಂಕ್ ಖಾತೆಗೇ ಹಾಕಿ ಎಂದು ಹಠ ಹಿಡಿದರೆ ಎಟಿಎಂ ಕಾರ್ಡುಗಳನ್ನು ಮೇಸ್ತ್ರಿ ‘ಕಳೆದುಹೋಗದಂತೆ’ ತನ್ನ ಹತ್ತಿರ ಇಟ್ಟುಕೊಳ್ಳಲಿ.

ಸಿಮೆಂಟು ತಿಂದ ಹೆಬ್ಬೆಟ್ಟಿನಲ್ಲಿ ಗೆರೆ ಉಳಿದಿರುವುದಿಲ್ಲ. ಒತ್ತಿದರೆ ನೀಲಿ ಬೊಟ್ಟು ಮಾತ್ರ ಮೂಡುತ್ತದೆ. ಸಾಕು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಪುಟ ತಿರುಗಿಸಿ. ಶಾಲೆಗೆ ಹೋಗುವ ಮಗಳು ಪಕ್ಕದಲ್ಲಿ ನಿಂತಿದ್ದರೆ ಚಿಲ್ಲರೆ ಇಲ್ಲವೆಂದು ಹೇಳಿ ಸೋಮವಾರ ಬರಲು ತಿಳಿಸಿ.