ಎಂಟರ ಮೇಲೆ ಎಂಟು

ನಮ್ಮ ಕಡೆ ಊರಿನ ಹೆಸರು ಬದಲಾಗುವುದೇನೂ ಹೊಸದಲ್ಲ. ಪಾಂಡವಪುರ ಮೊದಲು ಹಿರೋಡೆ. ಹೈದರ್, ಟಿಪ್ಪು ಕಾಲದ ಫ್ರೆಂಚ್ ದಂಡು ಬೀಡುಬಿಟ್ಟದ್ದರಿಂದ ಫ್ರೆಂಚ್ ರಾಕ್ಸ್. ಕೆ.ಆರ್. ಪೇಟೆ ಹಿಂದೆ ಅತ್ತಿಕುಪ್ಪೆ. ಶ್ರೀರಂಗಪಟ್ಟಣವಂತೂ ಇಂಗ್ಲಿಷರ ಬಾಯಲ್ಲಿ ಸೆರಿಂಗಪಟಂ. ಏನೆಂದು ಕರೆದರೂ ಊರು ಇದ್ದಲ್ಲೇ ಇರುತ್ತದೆ. ಹೆಸರು ಅದೇ ಇದ್ದು ಅರ್ಥ ಬೇರೆಯಾದಾಗಲೇ ಪಜೀತಿ.

ಇದನ್ನು ನನಗೆ ಕಲಿಸಿದ್ದು ಚೌಕಾಬಾರ. 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರು ಬಂದವು. ಮೈಸೂರಿನಲ್ಲಿ ಓದುತ್ತಿದ್ದ ನನಗೂ ವಾರಕ್ಕೊಂದು ಗಂಟೆ ಅದರ ಮುಂದೆ ಕೂರುವ ಭಾಗ್ಯ. ಬೇಸಿಕ್ ಭಾಷೆಯಲ್ಲಿ ನಾಲ್ಕು ಕವಡೆ ಆಡಿಸಿದೆ. ಅಲ್ಲಿ ಆರ್‌ಎನ್‌ಡಿ(2) ಎಂದರೆ ಒಂದೋ ಎರಡೋ ಬರುತ್ತದೆ. ಒಂದಾದರೆ ಕವಡೆ ಅಂಗಾತ, ಎರಡಾದರೆ ಬೋರಲು. ಅಂಗಾತ ಬಿದ್ದಷ್ಟು ಮನೆ. ನಾಲ್ಕೂ ಬೋರಲಾದರೆ ಎಂಟು, ಅಂದರೆ ಬಾರ.

ರಜಕ್ಕೆ ನಾಗಮಂಗಲಕ್ಕೆ ಹೊರಟೆ. ಅಲ್ಲಿ ಸೋದರಮಾವನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಪಿಸಿ ಬಂದಿತ್ತು. ಅದರದ್ದು ಜಿಡಬ್ಲ್ಯೂ ಬೇಸಿಕ್. ಬಿಬಿಸಿಯ ಫ್ಲಾಪಿ ಅದಕ್ಕಾಗದು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ಟೈಪಿಸಿದೆ. ತಪ್ಪು ಎನ್ನಲಿಲ್ಲ, ಓಡಿತು. ಎದುರಾಳಿಯಾಗಿ ಅಜ್ಜಿಯನ್ನು ಕೂರಿಸಿದೆ. ಮೊದಲ ಆಟ ಯಂತ್ರದ್ದು. ಎಂಟು. ಎಂಟು ಬಿದ್ದವರಿಗೆ ಇನ್ನೊಂದು ಆಟ ತಾನೆ? ಮತ್ತೆ ಎಂಟು. ಮತ್ತೆ ಎಂಟು.

"ಏನ್ಲಾ ಇದು, ನಂಗೂ ಒಸಿ ಆಡಕ್ಕೆ ಬುಡ್ತದೋ ಇಲ್ವೋ? ಸಕುನಿ ಕಣ್ಲಾ ಇವ್ನು!"

ಪಾಪ, ಅದು ಶಕುನಿಯಲ್ಲ. ಅದರ ಬೇಸಿಕ್‌ನಲ್ಲಿ ಆರ್‌ಎನ್‌ಡಿ(2) ಎಂದರೆ ಸೊನ್ನೆಗೂ ಒಂದಕ್ಕೂ ನಡುವಿನ ಭಿನ್ನರಾಶಿ. ಅದು ಎಂದಿಗೂ ಒಂದಾಗದು; ಕವಡೆಗಳೆಲ್ಲ ಸದಾ ಬೋರಲು. ಗೊತ್ತಿಲ್ಲದ ಮಾತಾಗಿದ್ದರೆ 'ಸಿಂಟ್ಯಾಕ್ಸ್ ಎರರ್' ಎಂದು ಗದರುತ್ತಿತ್ತು. ಇದು ಅದಕ್ಕೆ ಗೊತ್ತಿತ್ತು, ಅದೇ ತೊಂದರೆ.

ಮುಂದೆ ಹುಬ್ಬಳ್ಳಿಯ ಹುಡುಗಿಯನ್ನು ಮದುವೆಯಾದೆ. ನಮ್ಮವ್ವ "ಅದ್ನ ಅಲ್ಲಿ ಮಡಗವ್ವ" ಎಂದರೆ ಅವಳು "ಏನಂದ್ರಿ?" ಎಂದು ಕೇಳಿ ತಿಳಿದುಕೊಂಡಳು, 'ಇಡು' ಎಂದು ಗೊತ್ತಾಯಿತು, ಮುಗಿಯಿತು. ಹುಬ್ಬಳ್ಳಿಯಲ್ಲಿ ಮಾವನವರು "ಗಾಡಿ ಹೊರಗ ಹಚ್ಚಿ ಬರ್ರಿ" ಎಂದಾಗ ಮಾತ್ರ ನಾನು ತಬ್ಬಿಬ್ಬು. ಅಲ್ಲಿ ಗಾಡಿ ಹಚ್ಚುವುದೆಂದರೆ ನಿಲ್ಲಿಸುವುದು; ನಮ್ಮಲ್ಲಿ ಹಚ್ಚುವುದು ದೀಪ, ಬೆಂಕಿ. ಸಾಲದ ಕಂತು ಇನ್ನೂ ತೀರದ ಗಾಡಿ ಅದು!

ಈಗಿನ ಪೈಥಾನ್ ಭಾಷೆಯದೂ ಇದೇ ಕತೆ. 2020ಕ್ಕೆ ನಿವೃತ್ತಿಯಾದ ಎರಡನೆಯ ಪೈಥಾನಿನಿಂದ ಮೂರನೆಯದಕ್ಕೆ ಬರುವಾಗ ಪ್ರಿಂಟ್ ಪಕ್ಕ ಆವರಣ ಮರೆತರೆ ಕೂಡಲೇ ಬೈಗುಳ. ಐದನ್ನು ಎರಡರಿಂದ ಭಾಗಿಸಿದರೆ ಹಿಂದೆ 2, ಈಗ 2.5. ಇದಕ್ಕೆ ಯಾರೂ ಬೈಯುವುದಿಲ್ಲ. ಲೆಕ್ಕ ಸುಮ್ಮನೆ ಬೇರೆಯಾಗಿರುತ್ತದೆ.

ಕೆ.ಆರ್. ಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಮೋಲಿಯೇರನ 'ತಾರ್ತೂಫ್' ನಾಟಕವನ್ನು 'ಆಷಾಢಭೂತಿ' ಮಾಡಿದರು. ಹೆಸರು ಬಿಟ್ಟರು, ಕಪಟಿಯನ್ನು ಉಳಿಸಿಕೊಂಡರು. ಚೌಕಾಬಾರದಲ್ಲಿ ನಾನು ಮಾಡಿದ್ದು ತಿರುಗಾಮುರುಗಾ: ಹೆಸರು ಉಳಿಸಿಕೊಂಡೆ, ಅರ್ಥ ಬಿಟ್ಟೆ.

ಕೊನೆಗೆ ಭಿನ್ನರಾಶಿಯನ್ನು ಎರಡರಿಂದ ಗುಣಿಸಿ, ಪೂರ್ಣಾಂಕವನ್ನಷ್ಟೇ ಉಳಿಸಿಕೊಂಡು, ಒಂದು ಕೂಡಿಸಿದೆ. ಕವಡೆ ಉರುಳಿದವು, ಅಜ್ಜಿ ಗೆದ್ದರು. ಮರುದಿನವೂ ಗೆದ್ದರು. 'ರ‍್ಯಾಂಡಮೈಸ್' ಎನ್ನದಿದ್ದರೆ ಜಿಡಬ್ಲ್ಯೂ ಬೇಸಿಕ್ ಪ್ರತಿ ಸಲವೂ ಅದೇ ಸಂಖ್ಯೆಗಳನ್ನು ಅದೇ ಸಾಲಿನಲ್ಲಿ ಕೊಡುತ್ತದೆಂದು ನನಗೆ ತಿಳಿದಿರಲಿಲ್ಲ. ಅಜ್ಜಿಗೆ ತಿಳಿದಿತ್ತು. "ಈಗ ಮೂರು ಬೀಳ್ತದೆ ನೋಡ್ಲಾ" ಎಂದು ಬಾಯಿಬಿಟ್ಟದ್ದು ನಾಲ್ಕು ಆಟ ಗೆದ್ದ ಮೇಲೆ.