ಮೀನಿಗೆ ಅಮ್ಮ ಎದ್ದಿದೆ

ತೊಟ್ಟಿರಾಯರನ್ನು ನೀವು ನೋಡಿಯೇ ಇರುತ್ತೀರಿ. ಬ್ಯಾಂಕಿನಿಂದ ನಿವೃತ್ತಿ. ನಡುಮನೆಯಲ್ಲಿ ಟೀವಿ ಇದ್ದ ಜಾಗಕ್ಕೆ ಮೂರಡಿಯ ಗಾಜಿನ ತೊಟ್ಟಿ, ಅದರೆದುರು ಒಂದು ಬೆತ್ತದ ಕುರ್ಚಿ. ಏಳು ತಲೆಮಾರಿನಿಂದ ಮೀನನ್ನು ಬಾಯಿಗಿಡದ ಮನೆತನ. ಈಗ ಬಾಯಿ ತೆರೆದರೆ ಮೀನೇ. ಅಪಾರ್ಟ್‌ಮೆಂಟಿಗೆ ಒಬ್ಬರಂತೆ ಇವರು ಇದ್ದೇ ಇರುತ್ತಾರೆ. ನಮ್ಮವರು ನನ್ನ ಕೆಳಗಿನ ಮನೆಯಲ್ಲಿದ್ದಾರೆ.

ಅವರ ತೊಟ್ಟಿಯ ಯಜಮಾನರು ಮೂರು ಪಿಕ್ಟಸ್ ಕ್ಯಾಟ್‌ಫಿಶ್‌ಗಳು. ಮೂಲ ಅಮೆಜಾನ್ ಸೀಮೆ. ಬೆಳ್ಳಿ ಮೈ, ಅದರ ಮೇಲೆ ಕರಿ ಚುಕ್ಕೆ, ಬಾಲದವರೆಗೆ ಚಾಚುವ ಮೀಸೆ. ಮೈ ಮೇಲೆ ಒಂದು ಹುರುಪೆಯೂ ಇಲ್ಲ, ನುಣುಪು ಚರ್ಮ ಅಷ್ಟೆ. ಒಂದು ಭಾನುವಾರ ರಾಯರು ಶಿವಾಜಿನಗರದಿಂದ ಪ್ಲಾಸ್ಟಿಕ್ ಕವರಿನಲ್ಲಿ ಆರು ನಿಯಾನ್ ಟೆಟ್ರಾ ತಂದರು. ಕೊರೊನಾ ಕಾಲದಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆದವರು, ಮುಂಬಯಿಯಿಂದ ಬಂದ ಸ್ವಂತ ಅಳಿಯನನ್ನು ಹದಿನಾಲ್ಕು ದಿನ ಮಹಡಿ ಕೋಣೆಯಲ್ಲಿ ಕೂಡಿಹಾಕಿದವರು, ಆ ಕವರನ್ನು ಕಾಲು ಗಂಟೆ ನೀರಲ್ಲಿ ತೇಲಿಸಿ ಮೀನುಗಳನ್ನು ಒಳಗೆ ಬಿಟ್ಟೇಬಿಟ್ಟರು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ನೀರಿನಲ್ಲಿಡಬೇಕು ಅಂತ ಊರಿಗೆಲ್ಲ ಪಾಠ ಹೇಳುವವರೂ ಇವರೇ. ಕೇಳಿದರೆ, “ಅಂಗಡಿಯವನು ಗ್ಯಾರಂಟಿ ಕೊಟ್ಟಿದಾನೆ ಸಾರ್.”

ನಾಲ್ಕು ದಿನದಲ್ಲಿ ಆರು ನಿಯಾನ್ ಎರಡಾದವು. ಪಿಕ್ಟಸ್‌ನ ಬಾಯಿಗೆ ಹಿಡಿಸುವ ಮೀನು ಅದಕ್ಕೆ ನೆಂಟನಲ್ಲ, ಫಲಾಹಾರ. ಐದನೆಯ ದಿನ ಬೆಳಿಗ್ಗೆ ಕರಿ ಚುಕ್ಕೆಗಳ ನಡುವೆ ಬಿಳಿ ಚುಕ್ಕೆ ಬಂತು, ರವೆ ಉದುರಿಸಿದ ಹಾಗೆ. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದವು. ತಿಂದವರಿಗೆ ನಿಯಾನ್‌ಗಳು ಬಿಟ್ಟುಹೋದ ಆಸ್ತಿ ಅದು.

ರಾಯರ ತಾಯಿ ಕನ್ನಡಕ ಏರಿಸಿ ನೋಡಿ, “ಅಮ್ಮ ಎದ್ದಿದೆ ಕಣೋ” ಎಂದರು. ಸಂಜೆಯೊಳಗೆ ತೊಟ್ಟಿಯ ಮುಚ್ಚಳಕ್ಕೆ ಬೇವಿನ ಸೊಪ್ಪು ಬಿತ್ತು, ಮನೆಯಲ್ಲಿ ಒಗ್ಗರಣೆ ನಿಂತಿತು.

“ಅಮ್ಮ ಅಲ್ಲಮ್ಮ, ಇಕ್! ಪರೋಪಜೀವಿ!” ರಾಯರು ನನ್ನ ಕಡೆ ತಿರುಗಿದರು. “1876ರಲ್ಲೇ ಫೂಕೆ ಅನ್ನೋನು ಹೆಸರಿಟ್ಟಿದಾನೆ ಸಾರ್, ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್. ಬಹಳ ಮಕ್ಕಳ ಮೀನುಹೇನು ಅಂತ.”

“ಎಷ್ಟು ಮಕ್ಕಳಂತೆ?” ಅಡುಗೆಮನೆಯಿಂದ ಮನೆಯಾಕೆ.

“ಒಂದಕ್ಕೆ ನೂರಾರು. ಸಾವಿರವೂ ಆಗಬಹುದು.”

“ಅಯ್ಯೋ, ಗಾಂಧಾರಿ ವಾಸಿ ಬಿಡಿ.”

ಔಷಧ ಸುರಿಯುವ ಅಧಿಕಾರ ರಾಯರದು, ಬೇರೆಯವರು ಸೀಸೆ ಮುಟ್ಟುವಂತಿಲ್ಲ. ಹುರುಪೆಯಿಲ್ಲದ ಮೈ ಔಷಧವನ್ನು ತಡೆಯದೆ ಹೀರುತ್ತದೆ. ಅದಕ್ಕೇ ಸೀಸೆಯ ಮೇಲೆ ಬರೆದಿದ್ದರಲ್ಲಿ ಅರ್ಧ ಮಾತ್ರ. ಉಪ್ಪನ್ನಂತೂ ಆರತಿಗೆ ಕರ್ಪೂರ ಹಾಕುವ ಹಾಗೆ ಚಿಟಿಕೆ ಚಿಟಿಕೆ ಹಾಕಿದರು. ಫಿಲ್ಟರಿನ ಇದ್ದಿಲನ್ನು ಮೊದಲೇ ತೆಗೆದಿಟ್ಟರು, ಇಲ್ಲವಾದರೆ ಹಾಕಿದ ಔಷಧವನ್ನೆಲ್ಲ ಅದೇ ನುಂಗುತ್ತದೆ. ಮ್ಯಾಲಕೈಟ್ ಗ್ರೀನ್ ಪಂಚೆಗೂ ಬಿತ್ತು, ಬೆರಳಿಗೂ ಹತ್ತಿತು. ಲಿಫ್ಟಿನಲ್ಲಿ ಸಿಕ್ಕವರು ಬೆರಳು ನೋಡಿ, “ಎಲೆಕ್ಷನ್ ಎಲ್ಲಿತ್ತು ರಾಯರೆ?” ಎಂದರು. ಮೈಸೂರಿನ ಶಾಯಿಗೂ ಇದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿದೆಯೆಂದು ರಾಯರು ನಾಲ್ಕು ಮಹಡಿ ಇಳಿಯುವತನಕ ವಿವರಿಸಿದರು.

ಆಮೇಲೆ ಹೀಟರು. ಮನೆಯವರ ಸ್ನಾನಕ್ಕೆ ಗೀಸರು ಹತ್ತೇ ನಿಮಿಷ ಎಂದು ಗಡಿಯಾರ ಹಿಡಿದು ನಿಲ್ಲುವ ಮನುಷ್ಯ ಮೀನಿನ ನೀರನ್ನು ಹಗಲೂ ರಾತ್ರಿ ಕಾಯಿಸಿದರು, ಅದೂ ಅವಸರವಿಲ್ಲದೆ, ದಿನಕ್ಕೆ ಒಂದೆರಡು ಡಿಗ್ರಿಯಂತೆ ಮೂವತ್ತರವರೆಗೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಅಂತ ಇನ್ನೊಂದು ಏರ್ ಪಂಪು. ರಾತ್ರಿಯಿಡೀ ಅದರ ಗುರ್ ಸದ್ದು ನನ್ನ ಮಂಚದವರೆಗೂ ಬರುತ್ತಿತ್ತು.

ನಾಲ್ಕನೆಯ ದಿನ ಬಿಳಿ ಚುಕ್ಕೆ ಒಂದೂ ಇಲ್ಲ! ಅಜ್ಜಿ ಅಮ್ಮನಿಗೆ ಮೊಸರನ್ನದ ನೈವೇದ್ಯ ಇಟ್ಟರು. ಅಂಗಡಿಯವನು ಫೋನಿನಲ್ಲಿ, “ನೋಡಿದ್ರಾ ಸಾರ್ ನಮ್ಮ ಸೀಸೆ ಪವರ್ರು!” ಎಂದ. ಮುಖ ಗಂಟಿಕ್ಕಿಕೊಂಡಿದ್ದವರು ರಾಯರೊಬ್ಬರೇ.

“ವಾಸಿಯಾಗಿಲ್ಲ ಸಾರ್, ಕೆಳಕ್ಕೆ ಬಿದ್ದಿದೆ. ಚರ್ಮದೊಳಗೆ ಇರೋತನಕ ಅದಕ್ಕೆ ಔಷಧ ತಾಗಲ್ಲ. ತಿಂದು ತೇಗಿ ಉದುರುತ್ತೆ, ಜಲ್ಲಿ ಸಂದಿಯಲ್ಲಿ ಗೂಡು ಕಟ್ಟಿ ಮರಿ ಹಾಕುತ್ತೆ. ಆ ಮರಿ ಈಜ್ತಾ ಮೀನು ಹುಡುಕುತ್ತಲ್ಲ, ಆಗ ಮಾತ್ರ ಸಾಯುತ್ತೆ. ನೀರು ಬಿಸಿಯಾದಷ್ಟೂ ಬೇಗ ಹೊರಗೆ ಬರುತ್ತೆ. ಎರಡು ದಿನದಲ್ಲಿ ಮೀನು ಸಿಗದಿದ್ದರೆ ತಾನೇ ಸತ್ತಂತೆ.”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಯಾರೂ ನಂಬಲೂ ಇಲ್ಲ. ವರ್ಷಗಟ್ಟಲೆ ಕೇಳದೆಯೇ ಉಪದೇಶ ಮಾಡಿದವರಿಗೆ ಇದೊಂದು ಕಷ್ಟ. ಎರಡೇ ದಿನಕ್ಕೆ ಚುಕ್ಕೆ ಮೊದಲಿಗಿಂತ ದಟ್ಟವಾಗಿ ವಾಪಸು ಬಂದಾಗ ರಾಯರ ಮುಖದಲ್ಲಿ ಕಂಡದ್ದು ದುಃಖವೋ ಸಂತೋಷವೋ, ಪ್ರಮಾಣ ಮಾಡಿ ಹೇಳಲಾರೆ.

ಮತ್ತೆ ಹತ್ತು ದಿನ ಅದೇ ವ್ರತ. ದಿನವೂ ಕಾಲುಭಾಗ ನೀರು ಬದಲು, ಜಲ್ಲಿಯೊಳಗೆ ಪೈಪು ಇಳಿಸಿ ಕೊಳೆ ಹೀರಿ ತೆಗೆಯುವುದು. ಮೂರೂ ಪಿಕ್ಟಸ್ ಉಳಿದುಕೊಂಡವು. ನಿಯಾನ್‌ಗಳ ಸಂಖ್ಯೆಯನ್ನು ಯಾರೂ ಕೇಳಲಿಲ್ಲ. ಮುಂದಿನ ಭಾನುವಾರ ರಾಯರು ಚಪ್ಪಲಿ ಮೆಟ್ಟುತ್ತಾ, “ಸುಮ್ಮನೆ ನೋಡ್ಕೊಂಡು ಬರ್ತೀನಿ ಕಣೇ” ಎಂದಾಗ ಮನೆಯಾಕೆ ಬಚ್ಚಲಿನಿಂದ ಖಾಲಿ ಬಕೀಟು ತಂದು ಬಾಲ್ಕನಿಯಲ್ಲಿ ಇಟ್ಟರು. “ಏನಾದ್ರೂ ಬಂದ್ರೆ ಇದರಲ್ಲಿರುತ್ತೆ. ತಂದೋರೂ ಇಲ್ಲೇ ಇರ್ತಾರೆ. ಹದಿನಾಲ್ಕು ದಿನ.”

ಹೀಟರು ಈಗ ಪೆಟ್ಟಿಗೆ ಸೇರಿದೆ, ಎರಡನೆಯ ಪಂಪೂ ನಿಂತಿದೆ. ಒಣಗಿದ ಬೇವಿನ ಸೊಪ್ಪು ಮಾತ್ರ ಮುಚ್ಚಳದ ಮೇಲೆ ಹಾಗೇ ಇದೆ. ತೆಗೆಯಬಾರದೇ ಎಂದು ಮೊನ್ನೆ ಕೇಳಿದೆ. “ಎಟಕೋದಿಲ್ಲ ಸಾರ್” ಎಂದರು ರಾಯರು. ತೊಟ್ಟಿ ಅವರ ಎದೆಯೆತ್ತರಕ್ಕೂ ಬರುವುದಿಲ್ಲ.