ನೆರಳಿನಲ್ಲಿ ಕೂತವನ ಹೇಳಿಕೆ

ದಿಲ್ಲಿಯ ಸಫ್ದರ್‌ಜಂಗ್ ಹವಾಮಾನ ವೀಕ್ಷಣಾಲಯದ ಹುಲ್ಲಿನ ಮೇಲೆ ನಾಲ್ಕು ಕಾಲೂರಿ ನಿಂತ ಬಿಳಿ ಮರದ ಪೆಟ್ಟಿಗೆ ಸಂದರ್ಶನಕ್ಕೆ ಒಂದೇ ಷರತ್ತು ಹಾಕಿತು: ಬಾಗಿಲು ತೆರೆಯುವಂತಿಲ್ಲ, ಒಳಗೆ ಬಿಸಿಲು ಬೀಳಕೂಡದು. ಹೀಗಾಗಿ ಪತ್ರಿಕೆಯ ಪ್ರತಿನಿಧಿ ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತು ಪ್ರಶ್ನೆ ಕೇಳಿದ. ಪೆಟ್ಟಿಗೆಯೊಳಗಿನ ಉಷ್ಣಮಾಪಕಗಳು ನೆರಳಲ್ಲಿದ್ದುಕೊಂಡೇ ಉತ್ತರಿಸಿದವು.

ಮನೆತನದ ಮಾತೆತ್ತಿದರೆ ಪೆಟ್ಟಿಗೆಗೆ ಬಿಗುಮಾನ. ಅದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್, 'ಟ್ರೆಷರ್ ಐಲ್ಯಾಂಡ್' ಬರೆದ ಕಾದಂಬರಿಕಾರನ ಅಪ್ಪ. "ಮಗ ಕತೆ ಕಟ್ಟಿದ. ನಾವು ಅಂಕಿ ಮಾತ್ರ ಕೊಡುತ್ತೇವೆ. ಅದರ ಮೇಲೆ ಕತೆ ಕಟ್ಟುವುದಕ್ಕೆ ಬೇರೆ ಇಲಾಖೆಗಳಿವೆ."

ಟಿವಿಯಲ್ಲಿ ಓದುವ 45 ಡಿಗ್ರಿ ಜನಕ್ಕೆ ತಾಗುವ ಬಿಸಿಯೇ ತಾನೆ?

"ಅದು ನಮಗೆ ತಾಗಿದ ಬಿಸಿ ಸ್ವಾಮಿ. ಬಿಳಿ ಬಣ್ಣ, ಸುತ್ತ ಓರೆಪಟ್ಟಿಯ ಗೋಡೆ, ಕೆಳಗೆ ಹುಲ್ಲು, ನಾಲ್ಕೂ ಕಡೆಯಿಂದ ಗಾಳಿ. ಇಂಥ ಮನೆ ಈ ಊರಲ್ಲಿ ಎಷ್ಟು ಜನಕ್ಕಿದೆ? ತಗಡಿನ ಸೂರಿನಡಿ ಮಲಗುವವನ, ರಸ್ತೆಗೆ ಡಾಂಬರು ಹಾಕುವವನ ಬಿಸಿ ನಮ್ಮ ರಿಜಿಸ್ಟರಿಗೆ ಏರುವುದಿಲ್ಲ."

ಉದಾಹರಣೆ ಕೇಳಿದ್ದಕ್ಕೆ ಅದು ನವಿ ಮುಂಬೈನ ಖಾರ್‌ಘರ್‌ಗೆ ಹೋಯಿತು. 2023ರ ಏಪ್ರಿಲ್ 16ರಂದು ಅಲ್ಲಿ ಪ್ರಶಸ್ತಿ ಪ್ರದಾನ. ಗಣ್ಯರಿಗೆ ವೇದಿಕೆಯ ಚಾವಣಿ, ಲಕ್ಷಾಂತರ ಜನಕ್ಕೆ ಬಟ್ಟಬಯಲು. ಹತ್ತಿರದ ಕೇಂದ್ರದ ಲೆಕ್ಕದಲ್ಲಿ ಉಷ್ಣಾಂಶ ಸುಮಾರು 38 ಡಿಗ್ರಿ. ಸತ್ತವರು ಹತ್ತಕ್ಕೂ ಹೆಚ್ಚು.

"38 ಅಂದರೆ ದಿಲ್ಲಿಯವರು ನಗುತ್ತಾರೆ. ನಮ್ಮೊಳಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತವನೊಬ್ಬನಿದ್ದಾನೆ, ಅವನನ್ನು ಕೇಳಿ. ಕರಾವಳಿಯಂತೆ ಗಾಳಿಯಲ್ಲಿ ತೇವ ತುಂಬಿದರೆ ಆ ಬಟ್ಟೆ ಆರುವುದಿಲ್ಲ, ಅವನು ತಣಿಯುವುದಿಲ್ಲ. ನಿಮ್ಮ ಬೆವರಿನ ಪಾಡೂ ಅದೇ. ಅವನು 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿ ಆಳೂ ಕೆಲವು ಗಂಟೆಗಿಂತ ಹೆಚ್ಚು ತಾಳಲಾರ. ಮುದುಕರು, ಮೈಮುರಿದು ದುಡಿಯುವವರು ಅಷ್ಟರವರೆಗೂ ಕಾಯುವುದಿಲ್ಲ. ಆದರೆ ಟಿವಿಯವರು ಅವನ ಕಡೆ ತಿರುಗಿಯೂ ನೋಡುವುದಿಲ್ಲ."

ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆಂದು ಸರಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುವ ಸುದ್ದಿಯನ್ನು ಪ್ರತಿನಿಧಿ ಹೇಳಿದ. "ಒಳ್ಳೆಯದಾಯಿತು, ಕಡತಗಳು ಬಾಡುವುದಿಲ್ಲ. ಶಹಾಬಾದಿನ ಕಲ್ಲು ಒಡೆಯುವವನಿಗೆ 1.30ಕ್ಕೆ ಗಂಟೆ ಬಾರಿಸುವವರು ಯಾರು?"

ಕೊನೆಗೆ ಮುಂಗೇಶ್‌ಪುರದ ವಿಷಯ ಬಂತು. 2024ರ ಮೇ 29ರಂದು ದಿಲ್ಲಿಯ ಅಂಚಿನ ಆ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ರಾಜಸ್ಥಾನದ ಫಲೋದಿಯ 51ರ ದಾಖಲೆ ಮುರಿಯಿತೆಂದು ದೇಶಕ್ಕೆಲ್ಲ ಗುಲ್ಲು. ತಜ್ಞರ ತಂಡ ಪರೀಕ್ಷಿಸಿ, ಸೆನ್ಸರ್ 3 ಡಿಗ್ರಿ ಹೆಚ್ಚು ತೋರಿಸಿದೆ ಎಂದಿತು. ಎಲ್ಲರೂ ನಿರಾಳ.

"ತಪ್ಪು ಮಾಡಿದ್ದರ ವಿಚಾರಣೆ ಆಯಿತು, ಸರಿ. 52.9ರಲ್ಲಿ 3 ಕಳೆದರೆ 49.9. ಅದರ ವಿಚಾರಣೆಗೆ ಯಾವ ತಂಡ ಬಂತು?"

ಇಷ್ಟು ಹೊತ್ತು ಸುಮ್ಮನಿದ್ದ ಪಕ್ಕದ ಮಳೆಮಾಪಕಕ್ಕೆ ತಡೆಯಲಾಗಲಿಲ್ಲ. ಅದೇ ವರ್ಷ ಜೂನ್ 28ರ ಬೆಳಿಗ್ಗೆ 8.30ಕ್ಕೆ, ಮುಂಗೇಶ್‌ಪುರದ ಗದ್ದಲ ಮುಗಿದು ತಿಂಗಳಾಗಿತ್ತಷ್ಟೆ, ಅದರ ಹೊಟ್ಟೆಯಲ್ಲಿ 24 ಗಂಟೆಗಳ 228.1 ಮಿ.ಮೀ. ನೀರಿತ್ತು. ದಿಲ್ಲಿಯಲ್ಲಿ ಇಡೀ ಜೂನ್ ತಿಂಗಳ ವಾಡಿಕೆಯೇ ಸುಮಾರು 74. ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನ ಚಾವಣಿ ಕುಸಿದು ಒಬ್ಬ ಸತ್ತ. "ಒಂದು ಡಿಗ್ರಿ ಬಿಸಿಯೇರಿದರೆ ಗಾಳಿ ನೂರಕ್ಕೆ ಏಳರಷ್ಟು ಹೆಚ್ಚು ತೇವ ಹೊರುತ್ತದೆ. ಹೊತ್ತಿದ್ದನ್ನು ಎಲ್ಲೋ ಇಳಿಸಲೇಬೇಕಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಇಳಿಸಿತು, ಅದೇ ಊರಿನ ಕೊಲಾಬಾದಲ್ಲಿ ಬರೀ 73. ಸರಾಸರಿ ತೆಗೆಯುವವರಿಗೆ ಹಬ್ಬ."

ಹಾಗಾದರೆ ಈ ಬಿಸಿಲು, ಈ ಮಳೆಗೆ ಸಿಕ್ಕಿಬೀಳುವ ಜನ ಎಷ್ಟು ಹೆಚ್ಚಿದ್ದಾರೆ ಎಂದು ಪ್ರತಿನಿಧಿ ಕೇಳಿದ.

"ಡಿಗ್ರಿ ನಾನು ಎಣಿಸುತ್ತೇನೆ, ಮಿಲಿಮೀಟರ್ ಇವನು. ತಲೆ ಎಣಿಸುವುದು ಜನಗಣತಿಯವರ ಕೆಲಸ," ಎಂದಿತು ಪೆಟ್ಟಿಗೆ. "ಅವರ ಕೊನೆಯ ಪೂರ್ತಿ ಲೆಕ್ಕ 2011ರದು. ಮುಂದಿನದು 2027ಕ್ಕಂತೆ."